ಗೀರು ತೆಗೆಯಲು ಬೇಕು, ಪೂಜೆಗೆ ಬೇಡ

ಆಯುಧಪೂಜೆಯ ಬೆಳಗು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಇನ್ನೂ ಬೀದಿದೀಪ ಆರಿಲ್ಲ. ಲಕ್ಷ್ಮೀನರಸಿಂಹಯ್ಯನವರ ಮನೆಯಂಗಳದಲ್ಲಿ ಸಿದ್ದಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರೂನ್ ಬಣ್ಣದ ಕಾರಿನ ಬಾನೆಟ್ಟಿನ ಮೇಲೆ ಬಾಗಿದ್ದಾರೆ. ಒಂದು ಗೀರಿನ ಮೇಲೆ ಉಗುರನ್ನು ಅಡ್ಡಡ್ಡ ಎಳೆದು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ‘ಉಗುರು ಸಿಕ್ಕಾಕ್ಕೊಂಡ್ರೆ ಪೇಂಟೇ ಹೊಡೀಬೇಕು ಸಾರ್. ಜಾರುದ್ರೆ ನನ್ ಕೈಲಾಯ್ತದೆ. ಇದು ಜಾರ್ತು ಬುಡಿ.’

ಈ ಗೀರು ದಾರಿಹೋಕರು ಎಳೆದದ್ದಲ್ಲ, ಮನೆಯವರದೇ ಪ್ರತಾಪ. ಹೋದ ವರ್ಷದ ಪೂಜೆಗೆ ಬಳಿದ ಅರಿಶಿನ, ವಿಭೂತಿ ಬಿಸಿಲಿಗೆ ಒಣಗಿ ಬಾನೆಟ್ಟಿಗೆ ಕಚ್ಚಿಕೊಂಡಿತ್ತು. ಗುಬ್ಬಿ ಕಡೆಯ ತೆಂಗಿನ ತೋಟದವರು ಇವರು, ಕೈಗೆ ಸಿಕ್ಕಿದ್ದು ತೆಂಗಿನ ನಾರು. ಮೇಲೆ ಒಂದಿಷ್ಟು ಒಲೆಬೂದಿ! ‘ನಾರು ಮುಟ್ಟಿಸ್ಬ್ಯಾಡಿ ಅಂತ ಬಾಯ್ ಬಡ್ಕಂಡ್ರೂ ಕೇಳಲ್ಲ. ಹಿತ್ತಾಳೆ ಬಿಂದಿಗೆ ಬೆಳಗ್ದಂಗೆ ಬೆಳಗ್ತಾರೆ. ಮನೆಮನೇಲೂ ಇದೇ ರಾಮಾಯಣ’ ಎಂದು ಸಿದ್ದಲಕ್ಷ್ಮಮ್ಮ ಗೊಣಗುತ್ತಾರೆ.

ಸೋಪಿನ ನೀರು ಸುರಿದು, ವಾಟರ್ ಪೇಪರ್ ಎಂಬ ನುಣುಪು ಉಜ್ಜುಕಾಗದದಲ್ಲಿ ಹಗುರವಾಗಿ ಉಜ್ಜುತ್ತಾರೆ. ಆಮೇಲೆ ಗಂಡನ ಹಳೆಯ ಪಂಚೆಯ ತುಂಡಿಗೆ ಪಾಲಿಶ್ ಹಚ್ಚಿ ದುಂಡಗೆ ತಿಕ್ಕುತ್ತಾರೆ. ಗೀರು ಮಸುಕಾಗುತ್ತದೆ, ಮಾಯವಾಗುತ್ತದೆ. ನಾನು ಹುಡುಕಿದೆ, ಸಿಗಲಿಲ್ಲ.

ಗಂಡ ಅಡವಿಯಪ್ಪ ಕುಣಿಗಲ್ ರಸ್ತೆಯ ಗ್ಯಾರೇಜೊಂದರಲ್ಲಿ ಪೇಂಟರ್ ಆಗಿದ್ದರು. ಭಾನುವಾರಗಳಂದು ಮನೆಮನೆಗೆ ಹೋಗಿ ಗೀರು ತೆಗೆಯುತ್ತಿದ್ದರು, ಜೊತೆಗೆ ಹೆಂಡತಿ. ಬಳೆ ತಗುಲಿದರೆ ಹೊಸ ಗೀರು ಬೀಳುತ್ತದೆಂದು ಸಿದ್ದಲಕ್ಷ್ಮಮ್ಮ ಕೆಲಸಕ್ಕೆ ಕೂರುವ ಮೊದಲು ಬಳೆಗಳನ್ನು ಮೇಲಕ್ಕೇರಿಸಿ ಬಟ್ಟೆ ಕಟ್ಟುತ್ತಿದ್ದರು. ತೊಂಬತ್ತೆಂಟನೇ ಇಸವಿಯಲ್ಲಿ ಅಡವಿಯಪ್ಪ ಎದೆರೋಗದಿಂದ ತೀರಿಕೊಂಡರು. ಗಂಡನ ಕೆಲಸ ಕೇಳಿಕೊಂಡು ಹೋದಾಗ ಗ್ಯಾರೇಜಿನವನು ‘ಹೆಂಗಸ್ರಿಗೆ ಇಲ್ಲೇನಮ್ಮ ಕೆಲ್ಸ’ ಎಂದು ಸಾಗಹಾಕಿದ. ಅಂದಿನಿಂದ ಪಾಲಿಶ್ ಡಬ್ಬಿಯ ಚೀಲ ಹೆಗಲಿಗೇರಿಸಿ ಒಬ್ಬರೇ ನಡೆಯುತ್ತಾರೆ. ಊರಾಚೆಯ ಬೆಳ್ಳಾವಿಯಿಂದಲೂ ಕರೆ ಬರುತ್ತದೆ.

‘ಈಗ ಬಟ್ಟೆ ಕಟ್ಟೋ ತಾಪತ್ರಯಾನೂ ಇಲ್ಲ’ ಎಂದು ಬರಿಗೈ ತೋರಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ‘ನಾನುಜ್ಜಿದ್ ಕಾರು ನಿಂಬೆಹಣ್ ಮೇಲೆ ಹತ್ತೋದ್ನ ಗೇಟೊಳಗೆ ನಿಂತ್ಕಂಡ್ ಒಂದ್ಸಲ ನೋಡ್ಬೇಕು ಸಾರ್. ಇವತ್ತು ನಿಂತ್ಕತೀನಿ ಅಂತ ನಿನ್ನೇನೇ ಇವ್ರಿಗೆ ಹೇಳಿವ್ನಿ.’

ಇಷ್ಟು ವರ್ಷ ನೋಡಿಲ್ಲವೇ? ಇಲ್ಲ. ಏಕೆಂದರೆ ವಿಧವೆ.

ಬಿಸಿಲೇರಿತು. ಬಾಳೆಕಂದು, ಚೆಂಡುಹೂವು, ಬೂದುಗುಂಬಳ ಬಂದವು. ಮನೆಯೊಡತಿ ಪ್ರೇಮಲತಾ ಕುಂಕುಮದ ಬಟ್ಟಲು ಹಿಡಿದು ಹೊರಬಂದವರೇ ದನಿ ತಗ್ಗಿಸಿದರು. ‘ಸಿದ್ದಲಕ್ಷ್ಮಮ್ಮ, ಬೇಜಾರ್ ಮಾಡ್ಕೋಬೇಡಿ. ನಮ್ಮತ್ತೆ ಒಪ್ಪಲ್ಲ. ಪೂಜೆ ಮುಗಿಯೋತನಕ ಗೇಟಾಚೆ ಇರಿ.’ ಬೇಜಾರು ಮಾಡಿಕೊಳ್ಳಬಾರದಂತೆ! ನನ್ನ ಮೈ ಉರಿದುಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನಾರು ಹಾಕಿ ತಿಕ್ಕಿದ ಕೈ ಶುಭ, ಆ ಗಾಯ ಮಾಯಿಸಿದ ಕೈ ಅಶುಭ. ಥೂ, ಇದೆಂಥ ಲೆಕ್ಕ! ನನ್ನ ಬಾಯಿಗೆ ಮಾತು ಬಂದಿತ್ತು. ಸಿದ್ದಲಕ್ಷ್ಮಮ್ಮ ಸುಮ್ಮನಿರಿ ಎಂಬಂತೆ ಕೈಸನ್ನೆ ಮಾಡಿ, ಚೀಲ ಎತ್ತಿಕೊಂಡು ಗೇಟಿನಾಚೆ ನಿಂತರು.

ಪ್ರೇಮಲತಾ ಕುಂಕುಮವಿಡಲು ಬಾನೆಟ್ಟಿನ ಮೇಲೆ ಬಾಗುತ್ತಾರೆ. ಮುಂಗೈಯಲ್ಲಿ ಹಬ್ಬಕ್ಕೆ ತೊಟ್ಟ ಹೊಸ ಗಾಜಿನ ಬಳೆ.

‘ಬಳೆ! ಬಳೆ!’

ಕೂಗಿದ್ದು ಸಿದ್ದಲಕ್ಷ್ಮಮ್ಮ. ಗೇಟು ತಳ್ಳಿಕೊಂಡು ಓಡಿಬಂದು ಪ್ರೇಮಲತಾ ಅವರ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದಾರೆ. ಬಳೆಗೂ ಬಣ್ಣಕ್ಕೂ ಕೂದಲೆಳೆಯ ಅಂತರ. ‘ಅಯ್ಯೋ ಶಿವನೇ, ಮುಟ್ಟಿಬಿಟ್ಟಳಲ್ಲ!’ ಎಂದು ಮೆಟ್ಟಿಲ ಮೇಲಿಂದ ಅತ್ತೆ ಚೀರಿದರು. ಲಕ್ಷ್ಮೀನರಸಿಂಹಯ್ಯನವರು ಗದರಿದರು: ‘ಏನಮ್ಮ ಇದು, ಶುಭದ ಹೊತ್ತಲ್ಲಿ! ಗಾಡಿ ಮುಂದಿಂದ ಆಚೆ ಹೋಗಮ್ಮ.’

ಸಿದ್ದಲಕ್ಷ್ಮಮ್ಮ ಕೈ ಬಿಟ್ಟರು, ಜಾಗ ಬಿಡಲಿಲ್ಲ. ‘ಹೋಯ್ತೀನಿ ಸ್ವಾಮಿ. ಈ ಕಾರಲ್ಲಿ ನನ್ ಕೈ ಮುಟ್ದೇ ಇರೋ ಜಾಗ ಒಂದ್ ಬೆರಳಗಲ ತೋರ್ಸಿ. ಅಲ್ಲಿಗೆ ಕುಂಕುಮ ಇಕ್ಕಿ, ನಾನು ಹೋಯ್ತೀನಿ.’

ಪ್ರೇಮಲತಾ ಅವರ ಕುಂಕುಮ ಮೆತ್ತಿದ ಬೆರಳು ಬಾನೆಟ್ಟಿನ ಮೇಲೆ ಗಾಳಿಯಲ್ಲೇ ನಿಂತಿತು. ಎಲ್ಲಿಗೆ ಇಡುವುದು? ಬಾಗಿಲು, ಕನ್ನಡಿ, ನಂಬರ್ ಪ್ಲೇಟು, ಎಲ್ಲವೂ ಸಿದ್ದಲಕ್ಷ್ಮಮ್ಮನೇ ಒರೆಸಿದ್ದು. ಕೊನೆಗೆ ಪ್ರೇಮಲತಾ ಬಟ್ಟಲು ಕೆಳಗಿಟ್ಟು, ಬಳೆಗಳನ್ನು ಮೇಲಕ್ಕೇರಿಸಿ ಸೆರಗಿನಿಂದ ಸುತ್ತಿಕೊಂಡರು. ಆಮೇಲೆ ಬಾನೆಟ್ಟಿನ ನಟ್ಟನಡುವೆ ಕುಂಕುಮವಿಟ್ಟರು. ಗೇಟಿನಾಚೆ ಹೋಗಿ ಎಂದು ಮತ್ತೆ ಯಾರೂ ಹೇಳಲಿಲ್ಲ.

ಕಾರು ಮುಂದೆ ಸರಿಯಿತು, ನಿಂಬೆಹಣ್ಣು ಪಚಕ್ಕೆಂದಿತು. ಸಿದ್ದಲಕ್ಷ್ಮಮ್ಮ ಗೇಟಿನೊಳಗೇ ನಿಂತು ನೋಡಿದರು. ಅವರ ಕಣ್ಣು ನಿಂಬೆಹಣ್ಣಿನ ಮೇಲಿರಲಿಲ್ಲ, ಬಾನೆಟ್ಟಿನ ಮೇಲಿತ್ತು.

‘ಒಂದ್ ಗೀರಿಲ್ದಂಗೆ ಹೊಂಟ್ತು. ನೋಡುದ್ರಾ ಸಾರ್?’