ಪೆಲ್ಲಿಂಗಿನಲ್ಲಿ ಮೋಡ ಸರಿದಾಗ

ಕಾಂಚನಜುಂಗಾ ನೋಡಲೆಂದು ಸಿಕ್ಕಿಂವರೆಗೆ ಹೋದ ನಾವು ಎರಡು ದಿನ ನೋಡಿದ್ದು ಬರೀ ಮೋಡ.

ಪೆಲ್ಲಿಂಗಿನ ಹೋಟೆಲಿನವರು ಕಳಿಸಿದ್ದ ಫೋಟೋದಲ್ಲಿ ಬಾಲ್ಕನಿ ಎದುರೇ ಹಿಮದ ಪರ್ವತವಿತ್ತು. ನಮ್ಮ ಬಾಲ್ಕನಿ ಎದುರು ಒಂದು ನೀರಿನ ಟ್ಯಾಂಕು, ನಾಲ್ಕು ಮರ, ಅದರಾಚೆ ಬಿಳುಪು. ಬೆಳಿಗ್ಗೆ ಬಾಗಿಲು ತೆರೆದರೂ ಬಿಳುಪು, ತಿಂಡಿ ತಿಂದು ಬಂದರೂ ಬಿಳುಪು. ಸಂಜೆಯ ಹೊತ್ತಿಗೆ ಟ್ಯಾಂಕೂ ಕಾಣಲಿಲ್ಲ.

"ಅಕ್ಕಾರ, ನಾ ಮೊದ್ಲ ಹೇಳಿದ್ನಿಲ್ರಿ? ಮೇ ತಿಂಗಳಾಗ ಗ್ಯಾರಂಟಿ ಇಲ್ಲ ಅಂತ" ಎಂದ ರಫೀಕ್. ಯಲ್ಲಾಪುರದವನು, ನಮ್ಮ ಟೂರಿನ ಮ್ಯಾನೇಜರು.

ಹೇಳಿದ್ದು ನಿಜ. ಆದರೆ ವೇಣಿಗೆ ಬೇರೆ ತಿಂಗಳು ಇರಲಿಲ್ಲ.

ವೇಣಿ ನನ್ನ ಹೈಸ್ಕೂಲು ಗೆಳತಿ (ಹೆಸರು ಬದಲಿಸಿದ್ದೇನೆ). ಸಿದ್ದಾಪುರದಾಚೆ, ಮನ್ಮನೆ ಕಡೆಗೆ ಮದುವೆಯಾಗಿ ಹೋದವಳು. ಅವಳ ಅತ್ತೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಏಳು ವರ್ಷವಾಗಿತ್ತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಏಳು ವರ್ಷದಲ್ಲಿ ಆ ಬೆನ್ನು ಒಮ್ಮೆಯೂ ಹುಣ್ಣಾಗಲಿಲ್ಲ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಶಿರಸಿಗೆ ನಮ್ಮನೆಗೆ ಬಂದರೂ ವೇಣಿ ಕುರ್ಚಿಯ ತುದಿಯಲ್ಲಿ ಕೂತು, ಬಾಯಿ ಸುಡುವ ಚಹಾ ಕುಡಿದು, ಬಸ್ಸಿಗೆ ಓಡುತ್ತಿದ್ದಳು.

ಈ ಸಲ ಟೀಚರ್ ಆಗಿರುವ ನಾದಿನಿ ಹುಬ್ಬಳ್ಳಿಯಿಂದ ಬಂದು ಬೇಸಿಗೆ ರಜೆಯಲ್ಲಿ ಎಂಟು ದಿನ ಇರಲು ಒಪ್ಪಿದ್ದರು. ಅದಕ್ಕೇ ಮೇ ತಿಂಗಳು.

ಮೂರನೇ ದಿನ ಹತ್ತು ಗಂಟೆಗೆ ನಾವಿಬ್ಬರೂ ಬಾಲ್ಕನಿಯಲ್ಲಿ ಕೂತಿದ್ದೆವು. ಶಾಲು ಹೊದ್ದು, ಮೋಡವನ್ನೇ ದಿಟ್ಟಿಸುತ್ತ. ವೇಣಿಯ ಫೋನ್ ಬಂತು. ಅವಳ ಗಂಡ. ಸುತ್ತ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಆಚೆಯವರ ಮಾತು ನನಗೂ ಕೇಳಿತು.

"ಆಯಿ ಹೋತು." ಆಯಿ ಎಂದರೆ ಅವನ ತಾಯಿ, ವೇಣಿಯ ಅತ್ತೆ.

ವೇಣಿ "ಯಾವಾಗ?" ಎಂದಳು. ಮತ್ತೊಂದೆರಡು ಪ್ರಶ್ನೆ ಕೇಳಿದಳು. ಫೋನಿಟ್ಟು ಒಳಗೆ ಹೋಗಿ ಬ್ಯಾಗ್ ತುಂಬತೊಡಗಿದಳು. ಅಳಲಿಲ್ಲ. ಒದ್ದೆ ಸಾಕ್ಸನ್ನು ಮಡಿಚಿ ಮಡಿಚಿ ಇಡುತ್ತಿದ್ದಳು.

ನಾನು ಕರೆದದ್ದಕ್ಕೆ ಓಡಿ ಬಂದ ರಫೀಕ್ ವಿಷಯ ಕೇಳಿದ ಕೂಡಲೇ, "ಟಿಕೆಟ್ ನಾ ನೋಡ್ತೀನಿ. ಅಕ್ಕಾರ್ನ ಒಬ್ರನ್ನ ಬಿಡಬ್ಯಾಡ್ರಿ" ಎಂದು ಕೆಳಗೆ ಹೋದ.

ಒಣಹಾಕಿದ್ದ ಅವಳ ಸೀರೆ ತರಲು ನಾನು ಮತ್ತೆ ಬಾಲ್ಕನಿಗೆ ಬಂದೆ. ಕೆಳಗಡೆ ಯಾರೋ ಕೂಗಿದರು. ಚಪ್ಪಾಳೆ ಕೇಳಿತು. ಎದುರಿಗೆ ನೋಡಿದರೆ ಏನೂ ಇಲ್ಲ, ಅದೇ ಬಿಳುಪು. ಕತ್ತೆತ್ತಿದೆ. ಆಕಾಶ ಎಂದುಕೊಂಡಿದ್ದ ಜಾಗದಲ್ಲಿ, ಅಷ್ಟು ಎತ್ತರದಲ್ಲಿ, ಅದು ನಿಂತಿತ್ತು! ಬಿಸಿಲಿಗೆ ಹೊಳೆಯುತ್ತಿತ್ತು. ಎರಡು ದಿನ ನಾವು ನೋಡಬೇಕಾದಲ್ಲಿ ನೋಡಿಯೇ ಇರಲಿಲ್ಲ.

"ಎಂತ ಗಲಾಟೆ ಅದು?" ಒಳಗಿನಿಂದ ವೇಣಿ ಕೇಳಿದಳು.

"ಎಂತೂ ಇಲ್ಲೆ. ಯಾರೋ ಹುಡುಗ್ರು" ಎಂದೆ.

ಯಾಕೆ ಹಾಗಂದೆ? ಅತ್ತೆ ತೀರಿಕೊಂಡ ಸುದ್ದಿ ಬಂದು ಹತ್ತು ನಿಮಿಷವಾಗಿಲ್ಲ, ಬೆಟ್ಟ ನೋಡು ಬಾ ಅನ್ನುವುದೇ? ಬಂದು ನಿಂತರೆ ನಮ್ಮ ಟೂರಿನ ಹೆಂಗಸರು ಏನಂದಾರು? (ಅದರಲ್ಲಿ ಶಿರಸಿಯವರೇ ಆರು ಜನ.) ಇಷ್ಟು ಯೋಚಿಸುವಷ್ಟರಲ್ಲಿ ಮೋಡ ಮುಚ್ಚಿಕೊಂಡಿತು. ನಾನು ಸೀರೆ ತೆಗೆದುಕೊಂಡು ಒಳಗೆ ಹೋದೆ.

ಜೀಪು, ವಿಮಾನ, ಮತ್ತೆ ಕಾರು. ವೇಣಿಯ ಮನೆ ಮುಟ್ಟಿದಾಗ ಮರುದಿನ ಮಧ್ಯಾಹ್ನ. ಎಲ್ಲ ಮುಗಿದಿತ್ತು. ಸೊಸೆಗಾಗಿ ಯಾರು ಕಾಯುತ್ತಾರೆ? ವೇಣಿ ಸೀದಾ ಅತ್ತೆಯ ಕೋಣೆಗೆ ಹೋದಳು. ಹಾಸಿಗೆ ಎತ್ತಿಯಾಗಿತ್ತು. ಖಾಲಿ ಮಂಚ ನೋಡಿ ಆಗ ಅತ್ತಳು, ಗೋಡೆಗೆ ಹಣೆಯಿಟ್ಟು.

ಹೊರಗೆ ಜಗಲಿಯಲ್ಲಿ ಕೂತಿದ್ದ ನೆಂಟರ ಪೈಕಿ ಒಬ್ಬ ಹಿರಿಯ ಹೆಂಗಸು ಅವಳು ಕೋಣೆಯಿಂದ ಬಂದ ಕೂಡಲೇ ಕೇಳಿದರು: "ಬೆಟ್ಟ ನೋಡಿ ಆತಾ?"

"ಇಲ್ಲೆ. ಮೋಡ ಇತ್ತು."

"ಹಂಗಾರೆ ಎಂತಕ್ಕೆ ಹೋದೆ?"

ಸಾಯುವ ಹೊತ್ತಿಗೆ ಬಾಯಿಗೆ ನೀರು ಬಿಡಲು ಸೊಸೆ ಇರಲಿಲ್ಲ ಎಂದು ಇನ್ಯಾರೋ ಗೊಣಗಿದರು. ಆ ಹೊತ್ತಿಗೆ ಮಗ ಸೊಸೈಟಿ ಮೀಟಿಂಗಿಗೆ ಸಿದ್ದಾಪುರಕ್ಕೆ ಹೋಗಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು. ಬ್ಯಾಗ್ ಹಿಡಿದು ಸುಮ್ಮನೆ ನಿಂತಿದ್ದೆ.

ಮನೆಗೆ ಬಂದ ಮೇಲೂ ನನಗೆ ಸಮಾಧಾನವಿಲ್ಲ. ಟೂರಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಆ ಬೆಟ್ಟದ ಫೋಟೋ ಹಾಕುತ್ತಿದ್ದರು. ವೇಣಿಯೂ ಆ ಗ್ರೂಪಿನಲ್ಲಿದ್ದಳು. ಟೈಮ್ ಸಮೇತ ಬಿದ್ದ ಫೋಟೋ ನೋಡಿದರೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಹದಿಮೂರು ದಿನ ಕಳೆದ ಮೇಲೆ ಹೋಗಿ ಹೇಳಿಬಿಟ್ಟೆ. ಅಂಗಳದಲ್ಲಿ ಕಂಬಳಿ ಒಣಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತಿದ್ದು. ಆನೂ ಫೋಟೋ ನೋಡಿದ್ದಿ" ಎಂದಳು. ಕಂಬಳಿಯ ಸುಕ್ಕು ಬಿಡಿಸುತ್ತ, "ಕರೆದಿದ್ರೆ ಬತ್ತಿದ್ದಿ" ಅಂದಳು. ಕರೆದಿದ್ದರೆ ಬರುತ್ತಿದ್ದಳಂತೆ.

ನಾನು ಏನೋ ಸಮಜಾಯಿಷಿ ಶುರು ಮಾಡಿದೆ. ನೀನು ಅಂಥ ಸ್ಥಿತಿಯಲ್ಲಿದ್ದೆ, ನಾಲ್ಕು ಜನ ಏನನ್ನುತ್ತಿದ್ದರೋ ಎಂದೆಲ್ಲ.

ಅವಳು ನಡುವೆಯೇ ತಡೆದಳು. "ಎನ್ನ ಕಳಿಸಿದ್ದೇ ಅತ್ತೆ. ಆನು ಬ್ಯಾಡ ಹೇಳಿದ್ರೂ ಕೇಳಿದ್ವಿಲ್ಲೆ. 'ಹೋಗ್ಬಾ, ನೋಡ್ಕಂಡು ಬಂದು ಎನಗೆ ಹೇಳು' ಅಂದಿದ್ರು. ಎರಡು ನಿಮಿಷ ನಿಂತ್ಕಂಡು ನೋಡಿ, ಅಲ್ಲೇ ಅವ್ರಿಗೆ ಹೇಳಿ ಬತ್ತಿದ್ದಿ."

ನಾನು ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡೆ.

ಇದನ್ನು ಬರೆಯಲೇ ಎಂದು ಕೇಳಿದೆ. "ಬರಿ. ಎನ್ನ ಹೆಸರು ಹಾಕಡ" ಎಂದು ಒಳಗೆ ಹೋದಳು. ಚಹಾ ಮಾಡಿಕೊಂಡು ಬಂದಳು. ಕುರ್ಚಿಯಲ್ಲಿ ಒರಗಿ ಕೂತಳು. ಅವಳಿಗೀಗ ಯಾವ ಅವಸರವೂ ಇಲ್ಲ. ಕುಡಿಯುವುದನ್ನೇ ಮರೆತು, ಆರಿಹೋಗುವವರೆಗೂ ಲೋಟ ಹಿಡಿದೇ ಇದ್ದಳು.

ಜಗಲಿಯಲ್ಲಿ ಕೂತು ಚುಚ್ಚಿದವರ ಮೇಲೆ ನನಗೆ ಸಿಟ್ಟಿತ್ತು. ಅವರ ಬಗ್ಗೆಯೇ ಬರೆಯಬೇಕೆಂದು ಕೂತವಳು ನಾನು. ಆದರೆ ಅವರು ಕೇಳಿದ್ದು ಒಂದು ಪ್ರಶ್ನೆ. ಬೆಟ್ಟ ಕಂಡಾಗ ಅವಳನ್ನು ಕರೆಯದೆ, ಅವಳ ಪರವಾಗಿ ಉತ್ತರವನ್ನೂ ನಾನೇ ಕೊಟ್ಟುಬಿಟ್ಟಿದ್ದೆ.

ಒಬ್ಬಳು ಹೇಗೆ ದುಃಖಪಡಬೇಕೆಂದು ನಿರ್ಧರಿಸಲು ಪಕ್ಕದಲ್ಲಿ ನಿಂತವರು ಯಾರು?