ಏಳುವವರನ್ನು ಕೂರಿಸುವ ಮಾತು

ಆ ಧ್ವನಿ ನನ್ನದು, ಆಪಾ. ನಿಮ್ಮ ಫೋನಿನ ಆ ಚಕ್ರದ ಆಟವನ್ನು ಮುಚ್ಚಲು ಹೋದಾಗೆಲ್ಲ “ಆಪಾ, ಅಷ್ಟರಾಗ ಎದ್ರೇನ್ರಿ?” ಎಂದು ಕೇಳುತ್ತಿದ್ದವಳು ನಾನೇ. ನೀವು ಒಮ್ಮೆ ನೇರವಾಗಿ ಕೇಳಿದಿರಿ, ನಾನು ಅಲ್ಲ ಎಂದೆ. ಈಗ ಆ ಆಟ ನಿಂತುಹೋಗಿದೆ, ಧ್ವನಿಯೂ ಅದರ ಜೊತೆಗೇ ಹೋಯಿತು. ನಾನು ಹೇಳದಿದ್ದರೆ ಇನ್ನು ಯಾರಿಗೂ ಗೊತ್ತಾಗುವುದಿಲ್ಲ — ಅದೇ ನನ್ನನ್ನು ತಿನ್ನುತ್ತಿದೆ.

ದೇವದುರ್ಗದಿಂದ ಬಂದವಳು ಮಾನ್ವಿಯಲ್ಲಿ ನಿಮ್ಮ ಹೊಲಿಗೆ ಅಂಗಡಿಯ ಮೇಲಿನ ಖೋಲಿ ಹಿಡಿದಿದ್ದೆ. ಮದುವೆ, ಸನ್ಮಾನಗಳಲ್ಲಿ ಮೈಕ್ ಹಿಡಿದು ಮಾತಾಡುವುದೇ ನನ್ನ ದುಡಿಮೆ. ಊಟ ಮಾತ್ರ ನಿಮ್ಮಲ್ಲಿ. ಒತ್ತಾಯ ಮಾಡದೆ ಬಡಿಸಿದರೆ ನಮ್ಮ ಕಡೆ ಅದು ಬಡಿಸಿದಂತೆಯೇ ಅಲ್ಲ, ಆದರೆ ನಿಮ್ಮ ಒತ್ತಾಯದ ರೀತಿಯೇ ಬೇರೆ. ನೀವು ದನಿ ಏರಿಸುತ್ತಿರಲಿಲ್ಲ. ನಾನು ತಾಟಿನಿಂದ ಕೈ ಎತ್ತುವ ತನಕ ಸುಮ್ಮನೆ ಕಾಯುತ್ತಿದ್ದಿರಿ. ಆಮೇಲೆ ಹೆಸರು ಹಿಡಿದು, ಚೂರು ಮುನಿಸು ಬೆರೆಸಿ — “ಗಿರಿಜಾ, ಅಷ್ಟರಾಗ ಎದ್ದಿ ಏನ್ ಬೇ? ನನ್ನ ಕೈ ಅಡಿಗಿ ಸೇರಲಿಲ್ಲೇನು?” ಹೊಟ್ಟೆ ಬಿರಿಯುತ್ತಿದ್ದರೂ ನಾನು ಮತ್ತೆ ಕೂರುತ್ತಿದ್ದೆ.

ರಾಯಚೂರಿಗೆ ಬಂದ ಮೇಲೆ ಒಂದು ಪುಟ್ಟ ಧ್ವನಿಮುದ್ರಣದ ಕೋಣೆಯಲ್ಲಿ ಈ ಆಟಕ್ಕೆ ಧ್ವನಿ ಕೊಡುವ ಕೆಲಸ ಸಿಕ್ಕಿತು. ಆಟ ಕಟ್ಟಿದವನು ಮೈಸೂರು ಕಡೆಯ ತರುಣ. ವಿಡಿಯೋ ಕರೆಯಲ್ಲಿ, ಹೆತ್ತ ಮಗುವನ್ನು ತೋರಿಸುವಷ್ಟು ಖುಷಿಯಿಂದ ತನ್ನ ಆಟ ತೋರಿಸಿದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾವು ಬೆರಳಿಟ್ಟ ಕ್ಷಣವೇ ಸೋಲು ಗೆಲುವು ತೀರ್ಮಾನವಾಗಿರುತ್ತದಂತೆ. ಆಮೇಲೆ ಚಕ್ರ ತಿರುಗುವುದು, ನಿಧಾನವಾಗುವುದು, ದೊಡ್ಡ ಬಹುಮಾನದ ಮನೆಗೆ ಮುಟ್ಟಿ ಮುಟ್ಟದಂತೆ ಪಕ್ಕದಲ್ಲಿ ನಿಲ್ಲುವುದು — ಎಲ್ಲವೂ ಬರೀ ನಾಟಕ. “ಸೋತೆ ಅನ್ನಿಸಿದ್ರೆ ಎದ್ದು ಹೋಗ್ತಾರೆ. ಸ್ವಲ್ಪದರಲ್ಲಿ ತಪ್ಪಿತು ಅನ್ನಿಸಿದ್ರೆ ಕೂತೇ ಇರ್ತಾರೆ,” ಎಂದ. ರೂಪಾಯಿಯನ್ನು ಮೊದಲೇ ಆಟದ ಮುತ್ತುಗಳನ್ನಾಗಿ ಬದಲಿಸಿಬಿಡುತ್ತಾರೆ, ಹಾಗಾಗಿ ಹೋದದ್ದು ಹಣ ಎಂದು ಕೈಗೆ ಗೊತ್ತೇ ಆಗುವುದಿಲ್ಲ. ಹಾಕಿದ್ದಕ್ಕಿಂತ ಕಡಿಮೆ ಬಂದರೂ ಗಂಟೆ ಬಾರಿಸಿ ಗೆದ್ದಿರಿ ಅನ್ನುತ್ತದೆ. ಹಣ ಹಾಕಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು, ತೆಗೆಯಲು ಮಾತ್ರ ದಿನಗಟ್ಟಲೆ ಕಾಯಬೇಕು. ಕಾಯುವವನು ಸುಮ್ಮನೆ ಕೂರುತ್ತಾನೆಯೇ?

ನನಗೆ ಆಗ ಹೇಸಿಗೆಯಾಗಲಿಲ್ಲ. ಬೆರಗಾಯಿತು — ಮನುಷ್ಯನ ಮನಸ್ಸಿನ ಒಂದೊಂದು ಸಂದಿಯನ್ನೂ ಇಷ್ಟು ಚೆನ್ನಾಗಿ ಬಲ್ಲವರಿದ್ದಾರಲ್ಲ ಎಂದು. ಸುಳ್ಳೇಕೆ ಹೇಳಲಿ, ಈಗಲೂ ಆ ಬೆರಗು ಹೋಗಿಲ್ಲ.

ಒಂದು ಕಡೆ ಮಾತ್ರ ಅವರು ಎಡವಿದ್ದರು. ಆಟ ಮುಚ್ಚುವವರನ್ನು ತಡೆಯಲು ನನಗೆ ಕೊಟ್ಟ ಮಾತು “ದಯವಿಟ್ಟು ನಿರ್ಗಮಿಸಬೇಡಿ” ಅಂತ. ನನಗೆ ನಗು ತಡೆಯಲಾಗಲಿಲ್ಲ. ಅಷ್ಟನ್ನೇ ಓದಿ, ದುಡ್ಡು ತೆಗೆದುಕೊಂಡು ಬರಬಹುದಿತ್ತು. ಯಾರೂ ಕೇಳಿರಲಿಲ್ಲ — ಯಾರೂ ಕೇಳಿರಲಿಲ್ಲ, ಆಪಾ — ನಾನೇ ಬಾಯಿ ಹಾಕಿದೆ. “ಹಿಂಗಂದ್ರ ನಮ್ಮ ಮಂದಿ ಕೂಡಂಗಿಲ್ರೀ. ಕೈ ಎತ್ತಾತನಕ ಸುಮ್ಮಿರ್ರಿ. ಎತ್ತಿದ ಮ್ಯಾಲ ಮನಿಯಾಗ ಏನಂತ ಕರೀತಾರ, ಹಂಗ ಕರೀರಿ. ಒಂದೀಟ ಸಿಟ್ಟಾಗ್ರಿ.”

ಅವನು ಎಲ್ಲ ಬಿಟ್ಟು ಅದನ್ನೇ ಬರೆದುಕೊಂಡ. ನಾನು ಅಣ್ಣಾರ ಎಂದೆ, ಅಕ್ಕಾರ ಎಂದೆ, ಮಾವಾರ ಎಂದೆ — ಆಡುವವರ ಹೆಸರು ನೋಡಿ ಆಟವೇ ಒಂದನ್ನು ಆರಿಸಿಕೊಳ್ಳುತ್ತದಂತೆ. ಆಪಾ ಎನ್ನುವಾಗ ಎದುರಿಗೆ ನಿಮ್ಮನ್ನೇ ಕಲ್ಪಿಸಿಕೊಂಡು ಹೇಳಿದೆ, ಅದಕ್ಕೇ ಅದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಅವನು ಹೊಗಳಿದ. ನಾನು ಉಬ್ಬಿದೆ.

ನಿಮ್ಮ ಅನ್ನದ ಋಣವನ್ನು ನಾನು ತೀರಿಸಿದ ಬಗೆ ಇದು.

ಬಹಳ ದಿನ ಬಿಟ್ಟು ಮಾನ್ವಿಗೆ ಬಂದಾಗ ಅಂಗಡಿಯ ಬಾಗಿಲಲ್ಲಿ ಬೇರೆಯವರ ಹೆಸರಿತ್ತು. ನಿಮ್ಮ ಗಂಡ ತೀರಿಹೋದ ಮೇಲೆ ಒಬ್ಬರೇ ನಿಂತು ಕಟ್ಟಿದ ಅಂಗಡಿ — ಅದೇ ಅಂಗಡಿಯಲ್ಲಿ ನೀವು ಈಗ ಕೂಲಿಗೆ ಗುಂಡಿ ಹಚ್ಚುತ್ತಾ ಕೂತಿದ್ದಿರಿ. ಹೊಲಿಗೆ ಯಂತ್ರಗಳು ಹೇಗೆ ಹೋದವು ಎಂದು ನಾನು ಕೇಳಲಿಲ್ಲ. ನೀವೇ ಫೋನ್ ತೋರಿಸಿ ಹೇಳಿದಿರಿ, ನಾಚಿಕೆಪಡುತ್ತಾ.

“ಅದರಾಗಿನ ಹುಡುಗಿ ನಿನ್ನಂಗ ಮಾತಾಡ್ತಾಳ ಬೇ. ನೀನಲ್ಲ ಹೌದಿಲ್ಲೋ?”

“ನಾನ್ಯಾಕ ಆಗ್ಲಿ ಆಪಾ? ಇಂಥಾ ಧ್ವನಿ ಊರಿಗೆ ನೂರು ಸಿಗ್ತಾವ.”

“ಹಂಗಾರ ಬಿಡು.” ನೀವು ಸೂಜಿಗೆ ದಾರ ಪೋಣಿಸಿದಿರಿ. “ನೀ ಹ್ವಾದ ಮ್ಯಾಲ ಮನಿ ಭಣ ಭಣ ಅಂತಿತ್ತು. ಆಟ ಮುಚ್ಚಾಕ ಹ್ವಾದ್ರ ಅಕಿ ಆಪಾ ಅಂತ ಕರೀತಿದ್ಲು. ಅದನ್ನ ಕೇಳಾಕಂತನ ಎಷ್ಟೋ ಸಲ ಮುಚ್ಚಾಕ ಹೋಗೀನಿ. ಕೇಳಿದ ಮ್ಯಾಲ ಬಿಟ್ಟು ಏಳಾಕ ಮನಸ್ಸ ಬರ್ತಿದ್ದಿಲ್ಲ.”

ಇದನ್ನು ಕೇಳಿದ ಮೇಲೂ ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಚಕ್ರ, ಮುತ್ತು, ಗಂಟೆ — ಎಲ್ಲ ಅವರು ಕಟ್ಟಿದ್ದು, ನಿಜ. ಆದರೆ ನೀವು ಸಾಕು ಎಂದು ಕೈ ಎತ್ತಿದಾಗಲೆಲ್ಲ ನಿಮ್ಮನ್ನು ಮತ್ತೆ ಕೂರಿಸಿದವಳು —

ನಾಳೆ ಮುಂಜಾನೆ ಮಾನ್ವಿಗೆ ಬರುತ್ತೇನೆ, ಇದನ್ನೆಲ್ಲ ಎದುರಿಗೆ ನಿಂತು ಹೇಳುತ್ತೇನೆ. ಕೇಳಿ ನೀವು ಎದ್ದು ಒಳಗೆ ಹೋಗಬಹುದು. ಆಗ ಏನೆಂದು ಕರೆದರೆ ನಿಲ್ಲುತ್ತೀರಿ ಎಂಬುದು ನನಗೆ ಗೊತ್ತು. ನಾನು ಕರೆಯುವುದಿಲ್ಲ.