ರಬ್ಬರಿನ ಪ್ರಾಣಿಗೆ ಅರ್ಥ ಹೇಳಿದವರು

ಮಧ್ಯಾಹ್ನದ ಊಟಕ್ಕೆ ಮೊದಲು ಸೊಸೆ ನನಗೆ ಇನ್ಸುಲಿನ್ ಚುಚ್ಚುತ್ತಾಳೆ. ಸ್ಪಿರಿಟ್ ಏನೂ ಬೇಡ ಎಂದು ಡಾಕ್ಟರು ಹೇಳಿದ್ದರೂ ಅವಳು ಕೇಳುವವಳಲ್ಲ. ಹತ್ತಿಯ ತುಂಡನ್ನು ಅದ್ದಿ ಹೊಟ್ಟೆಯ ಮೇಲೆ ಒರೆಸಿಯೇ ಸೂಜಿ ಹಾಕುವುದು. ಆ ತಣ್ಣನೆಯ ವಾಸನೆ ಬಂದಾಗ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೋ ಏನೋ. ನನಗೆ ಮಾತ್ರ ಅರಬ್ ದೇಶದ ಅಬ್ಕೈಕಿನ ಕ್ಯಾಂಪಿನ ಒಂದು ಕ್ಯಾಬಿನ್ನು, ಅದರೊಳಗೆ ಮುಚ್ಚಳ ಬಿಚ್ಚಿಟ್ಟ ವಿಸಿಆರು, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸ್ಪಿರಿಟ್ ಅದ್ದಿದ ಹತ್ತಿಯಿಂದ ಅದರ ಹೆಡ್ ಒರೆಸುವ ಪೊರ್ಬುಗಳು...

ಪೊರ್ಬು ಎನ್ನುವುದು ಹೆಸರಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ರೀತಿ ಅದು. ಕರಾವಳಿಯ ಮುಸ್ಲಿಮನಾದ ನನ್ನನ್ನು ಅವರು ‘ಬ್ಯಾರಿ’ ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ಕೆಲವು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ನಾವು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದ ನೆನಪಿಲ್ಲ. ಅವರು ಎ.ಸಿ. ಮೆಕ್ಯಾನಿಕ್, ನಾನು ಸ್ಟೋರ್ ಕೀಪರ್. ಮೂರನೆಯವನು ಕುಂದಾಪುರದ ಒಬ್ಬ ವೆಲ್ಡರ್. ದೊಡ್ಡ ಎಣ್ಣೆ ಕಂಪೆನಿಗೆ ಕೆಲಸದವರನ್ನು ಒದಗಿಸುವ ಒಬ್ಬ ಸಣ್ಣ ಗುತ್ತಿಗೆದಾರನ ಆಳುಗಳು ನಾವು ಮೂವರೂ.

ಶುಕ್ರವಾರ ರಜೆ. ಆ ದೇಶದಲ್ಲಿ ಸಿನಿಮಾ ಟಾಕೀಸು ಇರಲಿಲ್ಲ, ಇದ್ದದ್ದು ವಿಡಿಯೊ ಅಂಗಡಿ. ಪೊರ್ಬುಗಳು ಅಂಗಡಿಗೆ ಹೋದರೆ ಹಿಂದಿ ಕ್ಯಾಸೆಟ್ಟುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೆಲಕ್ಕೆ ತಾಗಿಕೊಂಡ ಕೊನೆಯ ಶೆಲ್ಫಿನಲ್ಲಿ ಯಾರೂ ಕೇಳದ ಕ್ಯಾಸೆಟ್ಟುಗಳು ಧೂಳು ತಿನ್ನುತ್ತಿರುತ್ತಿದ್ದವಲ್ಲ, ಅವೇ ಬೇಕು ಅವರಿಗೆ. ಯಾವ ದೇಶದ್ದೋ, ಯಾವ ಭಾಷೆಯದ್ದೋ. ಬೆಳ್ಳಿ ಕಾಗದ ಸುತ್ತಿಕೊಂಡ ಮನುಷ್ಯರು ಚಂದ್ರನ ಮೇಲೆ ಓಡಾಡುತ್ತಾರೆ, ಚಂದ್ರನ ಹಿಂದೆ ಪರದೆಯ ಮಡಿಕೆ ಕಾಣುತ್ತದೆ. ರಬ್ಬರಿನ ಪ್ರಾಣಿಯೊಂದು ರಟ್ಟಿನ ಪೇಟೆಯನ್ನು ತುಳಿಯುತ್ತದೆ, ಅದರ ಬೆನ್ನಿನಲ್ಲಿ ಜಿಪ್ಪು ಕಾಣುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದ ಸಂಜೆಗಳಲ್ಲಿ ಸಮುದ್ರದಾಚೆಯ ಬಹ್ರೇನ್ ಕಡೆಯ ಟಿ.ವಿ. ನಮ್ಮ ಆಂಟೆನಾಕ್ಕೆ ಸಿಗುತ್ತಿತ್ತು. ಅದರಲ್ಲಿ ಬರುತ್ತಿದ್ದ ಹಳೆಯ ಧಾರಾವಾಹಿಯೊಂದರಲ್ಲಿ ರಾಕೆಟ್ಟಿನ ಬಾಗಿಲು ಥೇಟು ನಮ್ಮ ಮೆಸ್ಸಿನ ಫ್ರಿಜ್ಜಿನ ಬಾಗಿಲು. ಇಡೀ ಕ್ಯಾಂಪು ಬೆವರಿಗೆ ಶಾಪ ಹಾಕುವಾಗ ಪೊರ್ಬುಗಳು ಮಾತ್ರ ಖುಷಿಯಿಂದ ಕ್ಯಾಬಿನ್ನಿನ ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದರು.

ನನಗೆ ತಲೆ ಕೆಡುತ್ತಿತ್ತು. “ಅಲ್ಲ ಪೊರ್ಬುಗಳೇ, ವಾರವಿಡೀ ಕತ್ತೆಯ ಹಾಗೆ ದುಡಿದು ಸಿಗುವುದು ಒಂದು ಶುಕ್ರವಾರ. ಅದನ್ನೂ ಈ ಹಲ್ಲಿಯ ಮುಸುಡು ನೋಡಿ ಕಳೆಯುವುದಾ?” ಎಂದು ಒಮ್ಮೆ ಕೇಳಿಯೇ ಬಿಟ್ಟೆ.

ಅವರು ಹೆಡ್ ಒರೆಸುವುದನ್ನು ನಿಲ್ಲಿಸದೆ ಹೇಳಿದರು: “ಹಿಂದಿ ಪಿಕ್ಚರಿನಲ್ಲಿ ಒಂದು ಅಮ್ಮ ಬಂದೇ ಬರ್ತಾಳೆ ಮಾರಾಯ. ಮನೆ ಬರ್ತದೆ, ಅಂಗಳ ಬರ್ತದೆ. ಮತ್ತೆ ಶನಿವಾರ ಕೆಲಸಕ್ಕೆ ಕೈ ಬರುವುದಿಲ್ಲ. ಇದರಲ್ಲಿ ನಮ್ಮ ಮನೆ ಎಲ್ಲಿಯೂ ಬರುವುದಿಲ್ಲ ನೋಡು. ಆರಾಮ.”

ನಾನೂ ಹಲ್ಲಿಯ ಮುಸುಡು ನೋಡಲು ಕೂತೆ.

ಒಂದು ಶುಕ್ರವಾರ ತಂದ ಕ್ಯಾಸೆಟ್ಟಿನಲ್ಲಿ ಚಿತ್ರ ಬಂತು, ಸದ್ದು ಬರಲಿಲ್ಲ. ಪ್ರಾಣಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದೆ, ಕೋಣೆಯಲ್ಲಿ ಎ.ಸಿ.ಯ ಗುರ್ ಒಂದೇ. ಇದ್ದಕ್ಕಿದ್ದಂತೆ ಪೊರ್ಬುಗಳು ಬೆನ್ನು ನೆಟ್ಟಗೆ ಮಾಡಿ, ನಾನು ಅದುವರೆಗೆ ಕೇಳಿರದ ದೊಡ್ಡ ಸ್ವರದಲ್ಲಿ, ರಂಗಕ್ಕೆ ಬಂದ ರಾಜವೇಷದ ಹಾಗೆ, “ಬಲ್ಲಿರೇನಯ್ಯಾ?” ಎಂದರು. ಯಕ್ಷಗಾನದ ಊರಿನವನಾದ ವೆಲ್ಡರ್ ಸುಮ್ಮನಿರುತ್ತಾನೆಯೇ? ಹಾಲಿನ ಪುಡಿಯ ಖಾಲಿ ಡಬ್ಬವನ್ನು ಮಡಿಲಿಗೆ ಎಳೆದುಕೊಂಡು ಚೆಂಡೆಯ ಹಾಗೆ ಒಂದು ಪೆಟ್ಟು ಹಾಕಿ, “ಇರುವಂತಹ ಸ್ಥಳ?” ಎಂದ.

“ಅಬ್ಕೈಕೆಂಬ ಈ ಮರಳುಗಾಡಿಗೆ ಯಾರೆಂದು ಕೇಳಿದ್ದೀರಿ?”

“ಇಕಾಮಾ ಇಲ್ಲದವರೆಂದು ಕೇಳಿದ್ದೇವೆ!”

ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ. ಆಚೆ ಕ್ಯಾಬಿನ್ನಿನವರು ನಮ್ಮ ನಗು ಕೇಳಿ ಬಾಗಿಲು ತಟ್ಟಿದರು. ಆಮೇಲೆ ಅದೇ ಪದ್ಧತಿಯಾಯಿತು. ಸದ್ದು ಸರಿ ಇದ್ದ ಕ್ಯಾಸೆಟ್ಟಿಗೂ ಸದ್ದು ತೆಗೆಯುವುದು, ಪೊರ್ಬುಗಳು ಅರ್ಥ ಹೇಳುವುದು. ನಮ್ಮ ಕಡೆಯ ತಾಳಮದ್ದಳೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ವೇಷ ಇಲ್ಲ, ಕುಣಿತ ಇಲ್ಲ, ಚಾಪೆಯ ಮೇಲೆ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಆ ಕ್ಷಣಕ್ಕೆ ತೋಚಿದ ಮಾತನ್ನೇ ಆಡುವುದು. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಎದುರಿನವನು ಒಂದು ಮಾತು ಕೇಳಿದರೆ ಉತ್ತರ ಕೊಡಲೇಬೇಕು, ಬಾಯಿ ಕಟ್ಟಿ ಕೂತರೆ ಮರ್ಯಾದೆ ಹೋಯಿತು. ಪೊರ್ಬುಗಳು ಮಾತ್ರ ಎಲ್ಲ ಪಾತ್ರವನ್ನೂ ತಾವೇ ಹೇಳುತ್ತಿದ್ದರು. ರಾಕ್ಷಸನಿಗೆ ಒಂದು ಸ್ವರ, ವಿಜ್ಞಾನಿಗೆ ಒಂದು, ಕಿರುಚುವ ಹುಡುಗಿಗೆ ಒಂದು.

ಊರಿನಲ್ಲೂ ಹೇಳುತ್ತಿದ್ದಿರಾ ಎಂದು ಕೇಳಿದರೆ ತಲೆಯಲ್ಲಾಡಿಸಿದರು. ಊರಿನಲ್ಲಿ ತಾಳಮದ್ದಳೆ ಆದಾಗಲೆಲ್ಲ ಚಾಪೆಯ ಹೊರಗೆ ಕೂತು ಕೇಳಿದ್ದು ಮಾತ್ರ. ಬಾ ಎಂದು ಯಾರೂ ಕರೆದಿರಲಿಲ್ಲ, ಬರಲಾ ಎಂದು ಇವರೂ ಕೇಳಿರಲಿಲ್ಲ. ಸಣ್ಣವರಿದ್ದಾಗ ಗದ್ದೆಯಲ್ಲಿ ಯಕ್ಷಗಾನದ ಆಟ ನೋಡಲು ತಾಯಿಗೆ ಹೇಳದೆ ಓಡಿಹೋಗುತ್ತಿದ್ದರಂತೆ. ಬೆಳಗಾಗುವಾಗ ಹೆದರಿ ಹೆದರಿ ಮನೆಗೆ ಬಂದರೆ ತಾಯಿ ಬೆತ್ತ ಹಿಡಿದು ಜಗಲಿಯಲ್ಲಿ ಕೂತಿರುತ್ತಿದ್ದರು. ಆದರೆ ಬಂದ ಕೂಡಲೇ ಹೊಡೆಯುವವರಲ್ಲ. “ಮೊದಲು ಉಣ್ಣು. ಪೆಟ್ಟು ಆಮೇಲೆ” ಎಂದು ಗಂಜಿ ಬಡಿಸುತ್ತಿದ್ದರು. ಉಂಡು ಕೈ ತೊಳೆದ ಮೇಲೆ ಸರಿಯಾಗಿ ಬೀಳುತ್ತಿತ್ತು. ಈ ಕತೆಯನ್ನು ಪೊರ್ಬುಗಳು ಎಷ್ಟು ಸಲ ಹೇಳಿದ್ದಾರೋ. ಮದುವೆಯಾಗದ ಮನುಷ್ಯ, ಊರಿನಲ್ಲಿ ಇದ್ದದ್ದು ಆ ತಾಯಿ ಒಬ್ಬರೇ.

ನಾವು ಮತ್ತೆ ಮತ್ತೆ ತಂದು ನೋಡಿದ ಒಂದು ಸಿನಿಮಾ ಇತ್ತು. ಚಿಪ್ಪುಹಂದಿಯ ಹಾಗಿದ್ದ ಗುಡ್ಡದೆತ್ತರದ ಪ್ರಾಣಿ, ಅದರ ಮರಿ. ಮರಿಯನ್ನು ಮನುಷ್ಯರು ಹಿಡಿದು ಬಹುದೂರದ ಬಯಲಿನಲ್ಲಿ ತಂತಿಬೇಲಿಯೊಳಗೆ ಕೂಡಿಹಾಕುತ್ತಾರೆ. ತಾಯಿ ಬೆಟ್ಟ ಇಳಿದು ಹುಡುಕಿಕೊಂಡು ಬರುತ್ತದೆ, ಬೇಲಿ ಮುಟ್ಟುವ ಮೊದಲೇ ಬೀಳುತ್ತದೆ. ಆ ಬೇಲಿ ನಮ್ಮ ಕ್ಯಾಂಪಿನ ಬೇಲಿಯ ಹಾಗೆಯೇ ಇತ್ತು. ಪೊರ್ಬುಗಳ ಅರ್ಥದಲ್ಲಿ ತಾಯಿ ಬೀಳುತ್ತಿರಲಿಲ್ಲ. ಗೇಟ್ ಪಾಸಿಗಾಗಿ ವಾಚ್‌ಮನ್ನನ ಹತ್ತಿರ ಜಗಳ ಮಾಡಿ ಸುಸ್ತಾಗಿ ಮಲಗುತ್ತಿತ್ತು, ಅಷ್ಟೆ. ಇದರಲ್ಲಿಯೂ ಅಮ್ಮ ಬಂದಳಲ್ಲ ಎಂದು ನಾನು ಚುಚ್ಚಿದರೆ, “ಅದು ಚಿಪ್ಪುಹಂದಿಯ ಅಮ್ಮ ಮಾರಾಯ, ನಮ್ಮದಲ್ಲ” ಎನ್ನುತ್ತಿದ್ದರು.

ಬೇಸಿಗೆಯ ಒಂದು ಶನಿವಾರ ಊರಿನ ಇಗರ್ಜಿಯ ಪಾದ್ರಿಗಳು ಕ್ಯಾಂಪಿನ ಆಫೀಸಿಗೆ ಫೋನು ಮಾಡಿದರು. ತಾಯಿಗೆ ಕಾಯಿಲೆ ಜೋರಾಗಿದೆ, ಮಗನ ಹೆಸರು ಹೇಳುತ್ತಾ ಇದ್ದಾರೆ, ಕೂಡಲೇ ಹೊರಟು ಬರಬೇಕು ಎಂದು.

ಹೊರಡುವುದು ಹೇಗೆ? ನಮ್ಮೆಲ್ಲರ ಪಾಸ್‌ಪೋರ್ಟು ಕಫೀಲನ, ಎಂದರೆ ನಮ್ಮನ್ನು ಕರೆಸಿಕೊಂಡ ಧಣಿಯ ಕಪಾಟಿನಲ್ಲಿ. ಅವನ ಸಹಿ ಇಲ್ಲದೆ ದೇಶ ಬಿಡುವಂತಿಲ್ಲ. ಅವನು ಸೆಕೆ ತಡೆಯಲಾಗದೆ ಸಂಸಾರ ಸಮೇತ ಯಾವುದೋ ತಂಪು ದೇಶಕ್ಕೆ ಹೋಗಿದ್ದ, ಕಪಾಟಿನ ಬೀಗದ ಕೈಯೂ ಅವನೊಂದಿಗೆ ಹೋಗಿತ್ತು. ಆಫೀಸಿನ ಮ್ಯಾನೇಜರ್ ಕೆಟ್ಟವನಲ್ಲ. ನಮ್ಮ ಮುಖ ನೋಡಲಾಗದೆ ಮೇಜು ನೋಡಿಕೊಂಡು “ಬುಕ್ರಾ, ಬುಕ್ರಾ” ಎನ್ನುತ್ತಿದ್ದ. ನಾಳೆ, ನಾಳೆ. ಪೊರ್ಬುಗಳು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೋಗಿ ಆಫೀಸಿನ ಮೆಟ್ಟಿಲಲ್ಲಿ ಕೂರುತ್ತಿದ್ದರು. ಕಟ್ಟಿಟ್ಟ ಪೆಟ್ಟಿಗೆ ಬಾಗಿಲ ಹತ್ತಿರವೇ ಇತ್ತು, ಅದರೊಳಗೆ ತಾಯಿಗೆಂದು ತೆಗೆದ ಒಂದು ದಪ್ಪ ಕಂಬಳಿ. ಒಂದು ದಿನ ನಾನು ತಡೆಯಲಾರದೆ ಹೋಗಿ ಹಿಂದಿ, ಅರಬಿ, ತುಳು ಎಲ್ಲ ಸೇರಿಸಿ ಮ್ಯಾನೇಜರನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಚಹಾ ತರಿಸಿಕೊಟ್ಟ. ನನ್ನ ಸಿಟ್ಟಿನಿಂದ ಕಪಾಟು ತೆರೆಯಲಿಲ್ಲ.

ಗುರುವಾರ ಎರಡನೆಯ ಫೋನು ಬಂತು. ಊರಿನಲ್ಲಿ ಮಳೆಗಾಲ, ಇಡುವ ಹಾಗಿಲ್ಲ, ಸಂಜೆಯೇ ಮಣ್ಣು ಮಾಡುತ್ತೇವೆ ಎಂದರಂತೆ.

ಅಲ್ಲಿ ಇಗರ್ಜಿ ಇಲ್ಲ, ಪೂಜೆ ಇಲ್ಲ. ಪೊರ್ಬುಗಳು ತಲೆದಿಂಬಿನಡಿಯಿಂದ ಜಪಸರ ತೆಗೆದು ಗೋಡೆಯ ಕಡೆ ತಿರುಗಿ ಕೂತರು. ನಾನು ಬಾಗಿಲು ಹಾಕಿ, ನನಗೆ ಬರುವ ಪ್ರಾರ್ಥನೆಯನ್ನು ನಾನು ಮಾಡಿದೆ. ಅವರು ಅಳಲಿಲ್ಲ, ಅದೇ ನನಗೆ ಹೆದರಿಕೆ.

ಮರುದಿನ ಜುಮಾ ನಮಾಜು ಮುಗಿಸಿ ಬಂದರೆ ಕೋಣೆ ತುಂಬ ಜನ. ಆಚೀಚೆ ಕ್ಯಾಬಿನ್ನಿನವರು ಬಂದು ಮಾತಿಲ್ಲದೆ ಕೂತಿದ್ದರು. ಯಾರೋ ಕೆಮ್ಮುತ್ತಾರೆ, ಯಾರೋ ಚಾಪೆಯ ಕಡ್ಡಿ ಕೀಳುತ್ತಾರೆ... ಪೊರ್ಬುಗಳು, “ಹೀಗೆ ಕೂತರೆ ಉಸಿರು ಕಟ್ತದೆ ಮಾರಾಯ್ರೆ” ಎಂದು ಎದ್ದು ಟಿ.ವಿ. ಹಾಕಿದರು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಆ ವಾರ ಯಾರೂ ಪೇಟೆಗೆ ಹೋಗಿರಲಿಲ್ಲ. ವಿಸಿಆರಿನಲ್ಲಿ ಹಿಂದಿನ ಶುಕ್ರವಾರದ ಕ್ಯಾಸೆಟ್ಟೇ ಇತ್ತು, ಆ ಚಿಪ್ಪುಹಂದಿಯದು.

ಅವರು ಎಂದಿನಂತೆ ಸದ್ದು ತೆಗೆದರು. ಅರ್ಥ ಹೇಳತೊಡಗಿದರು. ವಿಜ್ಞಾನಿ ಮಾತಾಡಿದ, ಲಾರಿ ಡ್ರೈವರ್ ಮಾತಾಡಿದ. ಸ್ವರ ಸರಿಯಾಗಿಯೇ ಇತ್ತು. ಒಬ್ಬಿಬ್ಬರು ನಕ್ಕರು ಕೂಡ. ಆಮೇಲೆ ಬೇಲಿಯ ದೃಶ್ಯ ಬಂತು. ತಾಯಿ ಬಯಲು ದಾಟಿ ಬಂತು, ಬಿತ್ತು. ವಾಚ್‌ಮನ್ನನ ಜಗಳ ಬರಲಿಲ್ಲ. ಮರಿ ಬೇಲಿಗೆ ಮುಖ ಒತ್ತಿ ನಿಂತಿತ್ತು. ಪೊರ್ಬುಗಳು ಅದರ ಪಾತ್ರ ಹಿಡಿದು, ತಾಳಮದ್ದಳೆಯ ದೊಡ್ಡ ಸ್ವರದಲ್ಲಲ್ಲ, ಮೆಲ್ಲಗೆ ಹೇಳಿದರು:

“ಮಾಂಯ್... ನಾನು ಬರುವಾಗ ತಡವಾಯಿತು.”

ಅಷ್ಟು ಹೇಳಿ ನಿಲ್ಲಿಸಿದರು. ತಾಯಿಯ ಮಾತನ್ನೂ ಅವರೇ ಹೇಳಬೇಕಿತ್ತು, ಯಾವಾಗಲೂ ಅವರೇ ಹೇಳುತ್ತಿದ್ದದ್ದು. ಹೇಳಲಿಲ್ಲ. ಪರದೆ ನೋಡುತ್ತಾ ಕಾಯುತ್ತಾ ಕೂತರು. ವೆಲ್ಡರನ ಕೈ ಡಬ್ಬದ ಮೇಲೆ ಹಾಗೆಯೇ ಇತ್ತು. ನಾನು ಜನ್ಮದಲ್ಲಿ ಅರ್ಥ ಹೇಳಿದವನಲ್ಲ. ಆದರೆ ಕೇಳಿದ ಮಾತಿಗೆ ಉತ್ತರ ಸಿಗದೆ ಆ ಮನುಷ್ಯ ಹಾಗೆಯೇ ಕೂತಿರುವುದನ್ನು ನನ್ನಿಂದ ನೋಡಲಾಗಲಿಲ್ಲ. ನಮ್ಮ ಬ್ಯಾರಿ ಮನೆಗಳಲ್ಲಿ ತಾಯಂದಿರು ಮಗನನ್ನು ಕರೆಯುವುದು ‘ಮೋನೇ’ ಎಂದು. ಬಾಯಿಗೆ ಅದೇ ಬಂತು.

“ತಡವಾದರೆ ಆಗಲಿ ಮೋನೇ. ಮೊದಲು ಉಣ್ಣು. ಪೆಟ್ಟು ಆಮೇಲೆ.”

ಅವರು ತಿರುಗಿ ನನ್ನನ್ನು ನೋಡಿದರು. ನಗಲು ಹೊರಟ ಮುಖ ಅರ್ಧದಲ್ಲಿ ಒಡೆದುಹೋಯಿತು. ಆಮೇಲೆ ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ವೆಲ್ಡರ್ ಟಿ.ವಿ. ಆರಿಸಿ ಹೋಗಿ ಮೆಸ್ಸಿನಿಂದ ಅನ್ನ ತಂದ. ಪೊರ್ಬುಗಳು ಉಂಡರು.

ಮುಂದಿನ ವಾರ ಕಫೀಲ ಬಂದ, ಪಾಸ್‌ಪೋರ್ಟು ಸಿಕ್ಕಿತು. ಇನ್ನು ಯಾರನ್ನು ನೋಡಲು ಎಂದು ಅವರು ಹೋಗಲಿಲ್ಲ. ಅರ್ಥವನ್ನೂ ಮತ್ತೆ ಹೇಳಲಿಲ್ಲ. ಸಿನಿಮಾ ನೋಡುತ್ತಿದ್ದೆವು, ಸದ್ದು ಇಟ್ಟುಕೊಂಡು. ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಕಿರುಚುತ್ತಿದ್ದರು, ನಾವು ಸುಮ್ಮನೆ ನೋಡುತ್ತಿದ್ದೆವು. ಒಂದು ಶುಕ್ರವಾರ ಹಿಂದಿ ಕ್ಯಾಸೆಟ್ಟು ತಂದರು. ನೀವಾ, ಹಿಂದಿಯಾ ಎಂದು ಕೇಳಿದ್ದಕ್ಕೆ, “ಇನ್ನು ಎಂತ ಹೆದರಿಕೆ?” ಎಂದರು. ಗುತ್ತಿಗೆ ಮುಗಿದ ಕೂಡಲೇ ಊರಿಗೆ ಹೊರಟುಬಿಟ್ಟರು. ವಿಸಿಆರನ್ನು ನನಗೆ ಬಿಟ್ಟು ಹೋದರು, ಸ್ಪಿರಿಟ್ ಬಾಟಲಿ ಸಮೇತ.

ರಜೆಯಲ್ಲಿ ಬಂದಾಗ ಒಮ್ಮೆ ಅವರ ಮನೆಗೆ ಹೋಗಿದ್ದೆ. ತಾಯಿಗೆಂದು ತೆಗೆದ ಕಂಬಳಿ ಪ್ಲಾಸ್ಟಿಕ್ ಕವರಿನಲ್ಲಿ ಹಾಗೆಯೇ ಕಪಾಟಿನ ಮೇಲಿತ್ತು. ಊರಿನ ತಾಳಮದ್ದಳೆಯಲ್ಲಿ ಈಗಲಾದರೂ ಕೂರುತ್ತೀರಾ ಎಂದು ಕೇಳಿದೆ. “ಊರಿನಲ್ಲಿ ರಾಮನಿಗೆ ಕೃಷ್ಣನಿಗೆ ಹೇಳುವವರು ಬೇಕಷ್ಟು ಮಂದಿ ಇದ್ದಾರೆ ಬ್ಯಾರಿ. ನನ್ನದು ರಬ್ಬರಿನ ಪ್ರಾಣಿಗಳಿಗೆ ಮಾತ್ರ. ಅದೂ ಮುಗಿಯಿತು” ಎಂದರು. ಊಟ ಮಾಡಿಸದೆ ಕಳಿಸಲಿಲ್ಲ.

ಅವರು ತೀರಿಹೋದದ್ದು ನನಗೆ ಗೊತ್ತಾದದ್ದು ಒಂದು ಮದುವೆಯ ಊಟದಲ್ಲಿ, ವೆಲ್ಡರನ ಬಾಯಿಂದ. ಅಷ್ಟರಲ್ಲಿ ತಿಂಗಳ ಪೂಜೆಯೂ ಆಗಿತ್ತಂತೆ. ನಮ್ಮಿಬ್ಬರ ಸ್ನೇಹ ಗೊತ್ತಿದ್ದವರು ಆ ಊರಿನಲ್ಲಿ ಯಾರಿದ್ದರು, ಹೇಳಿ ಕಳಿಸಲು? ಹೋದೆ. ಮನೆಗೆ ಬೀಗ. ಇಗರ್ಜಿಯ ಹಿಂದೆ ಸಮಾಧಿ ತೋರಿಸಿದರು. ಏನಾದರೂ ಹೇಳಬೇಕು ಅನ್ನಿಸಿತು. ಜೊತೆಗೆ ಬಂದ ಇಗರ್ಜಿಯ ಚಾಕರಿಯವನ ಎದುರು ಬಾಯಿ ಬರಲಿಲ್ಲ, ಸುಮ್ಮನೆ ತಿರುಗಿ ಬಂದೆ.

ಮೊನ್ನೆ ಸೂಜಿ ಹಾಕುವಾಗ ಸೊಸೆಗೆ ಈ ಕತೆ ಹೇಳಿದೆ. ಅವಳು ಏನೇನೋ ಒತ್ತಿ ಟಿ.ವಿ.ಯಲ್ಲಿ ಆ ಸಿನಿಮಾವನ್ನೇ ತೆಗೆದಳು. ಅದಕ್ಕೀಗ ಊರೂರಲ್ಲಿ ಅಭಿಮಾನಿಗಳು ಇದ್ದಾರಂತೆ, ಬೆನ್ನಿನ ಜಿಪ್ಪು ನೋಡಿ ನಗುವುದಕ್ಕೆಂದೇ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರಗಳು ಬರುತ್ತಿದ್ದವು. ಕೊನೆಯ ಬೇಲಿಯ ದೃಶ್ಯದವರೆಗೆ ಓಡಿಸಲು ಹೇಳಿದೆ. ಇಷ್ಟು ವರ್ಷದಿಂದ ಆ ಮರಿ ನಿಜವಾಗಿ ಏನು ಹೇಳಿತ್ತು ಎಂದು ತಿಳಿಯುವ ಆಸೆ. ಅಲ್ಲಿ ಮಾತೇ ಇರಲಿಲ್ಲ. ಗಾಳಿಯ ಸದ್ದು, ಅಷ್ಟೆ.

“ಸದ್ದು ತೆಗಿ ಮಗಾ” ಎಂದೆ. ತೆಗೆದಳು. ಮರಿ ಬೇಲಿಗೆ ಮುಖ ಒತ್ತಿ ನಿಂತಿತ್ತು. ಸಮಾಧಿಯ ಹತ್ತಿರ ಬಾರದ ಮಾತು ಆಗ ಬಂತು.

“ಪೊರ್ಬುಗಳೇ... ನಾನು ಬರುವಾಗ ತಡವಾಯಿತು.”

ಸ್ವಲ್ಪ ಹೊತ್ತು ಕಾದೆ. ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಸೊಸೆ ಹತ್ತಿಯ ತುಂಡು, ಸೂಜಿ ಎಲ್ಲ ಎತ್ತಿಟ್ಟು ಒಳಗಿನಿಂದ ಕೂಗಿದಳು: “ಇನ್ಸುಲಿನ್ ಹಾಕಿ ಎಷ್ಟು ಹೊತ್ತಾಯ್ತು ಮಾಮ, ತಲೆ ತಿರುಗೀತು. ಮೊದಲು ಉಣ್ಣಿ.”

ಎದ್ದು ಹೋಗಿ ಉಣ್ಣಲು ಕೂತೆ. ಪೆಟ್ಟು ಕೊಡುವವರು ಈಗ ಯಾರೂ ಉಳಿದಿಲ್ಲ.